ಅಕ್ಕನ ಲಾರಿಯ ಹಿಂದೆ

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ.

…ಹಾಗಾಗಿ, ತಪ್ಪೆಲ್ಲ ಕಂಪ್ಯೂಟರಿನದೇ ಎಂದು ನಿನ್ನೆ ಬರೆದದ್ದನ್ನು ವಾಪಸು ತೆಗೆದುಕೊಂಡೆ. ಅದರದೇನು ತಪ್ಪು? ಹನ್ನೆರಡು ವರ್ಷದ ಹಿಂದೆ ಹೆಂಡತಿ ಟ್ಯೂಷನ್ ಮಕ್ಕಳಿಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಲು ತಂದದ್ದು. ಅವಳು ಹೋಗಿ ನಾಲ್ಕು ವರ್ಷ. ಅಂದಿನಿಂದ ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸುತ್ತಿದ್ದೆ. ಈಗ ಏಕಾಏಕಿ ಲಾರಿ ಓಡಿಸು ಅಂದರೆ ಯಾರಾದರೂ ಏದುಸಿರು ಬಿಡುತ್ತಾರೆ.

ಓಡಲೇ ಇಲ್ಲ ಅಂತಲ್ಲ. ಅಕ್ಕ ಕಳಿಸಿದ ಗೇಮ್ ಇಳಿಸಿಕೊಳ್ಳಲು ಒಂದೂವರೆ ದಿನ. ತೆರೆದರೆ ಲಾರಿ ಇಲ್ಲಿದೆ… ಕಾಫಿ ಕುಡಿದು ಬಂದರೆ ಅಲ್ಲಿದೆ. ನಡುವೆ ಏನಾಯಿತೋ ದೇವರೇ ಬಲ್ಲ. ರಸ್ತೆ ಪಕ್ಕದ ಮರಗಳು ಒಂದೊಂದಾಗಿ ಹುಟ್ಟುತ್ತವೆ— ಅದೂ ನಾನು ಡಿಕ್ಕಿ ಹೊಡೆದ ಮೇಲೆ.

ಅಷ್ಟರಲ್ಲಿ ಅಕ್ಕನ ಫೋನ್.

"ಏನೋ ಪುಟ್ಟಾ, ಹೊರಟ್ಯಾ?"

"ಎಂಜಿನ್ ಬಿಸಿ ಮಾಡ್ತಿದೀನಿ ಅಕ್ಕ."

"ಮೂರು ದಿನದಿಂದ ಬಿಸಿ ಮಾಡ್ತಿದೀಯ. ಲಾರಿ ಓಡಿಸ್ತೀಯೋ, ಸ್ನಾನಕ್ಕೆ ನೀರು ಕಾಯಿಸ್ತಿದೀಯೋ?"

ನನಗೆ ಅರವತ್ತೆಂಟು. ಈಗಲೂ ಪುಟ್ಟಾ. ಅವಳಿಗೆ ಎಪ್ಪತ್ತಮೂರು. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತವಳು, ಈಗ ಸೊಸೆ ಕೆಲಸಕ್ಕೆ ಹೋದ ಮೇಲೆ ಸೊಸೆಯ ಕಂಪ್ಯೂಟರಿನಲ್ಲಿ ಹದಿನೆಂಟು ಚಕ್ರದ ಲಾರಿ ಓಡಿಸುತ್ತಾಳೆ. ಒಂದು ಕಣ್ಣು ಚಿಕ್ಕಂದಿನಿಂದಲೂ ಮಂದ. ಚೆನ್ನಾಗಿದ್ದ ಇನ್ನೊಂದಕ್ಕೂ ಪೊರೆ ಬಂದಿದೆ. 24ಕ್ಕೆ ಆಪರೇಷನ್. ಆಮೇಲೆ ಕೆಲವು ವಾರ ಪರದೆ ನೋಡುವ ಹಾಗಿಲ್ಲ. "ಸಾಮಾನ್ಯವಾಗಿ ಸರಿಹೋಗುತ್ತೆ" ಎಂದರಂತೆ ಡಾಕ್ಟರು. ಅಕ್ಕ ಆ 'ಸಾಮಾನ್ಯವಾಗಿ'ಯನ್ನು ಬಿಡದೆ ಹಿಡಿದುಕೊಂಡಿದ್ದಾಳೆ. ಅದಕ್ಕೇ 23ರ ಭಾನುವಾರ ಇಬ್ಬರೂ ಒಟ್ಟಿಗೆ ಓಡಿಸಬೇಕು. ಅವಳ ಲಾರಿ ಮುಂದೆ, ನನ್ನದು ಹಿಂದೆ. ಕೇಳಿದ್ದಲ್ಲ, ಆರ್ಡರ್.

ಹನ್ನೆರಡು ದಿನ ಇದೆ. ನೆವರ್‌ದಿಲೆಸ್… ಕಾಲೇಜಿನಲ್ಲಿ ಕಲಿತ ಈ ಪದ ನನಗೆ ಬಹಳ ಇಷ್ಟ. ಎಲ್ಲಿ ಹಾಕಬೇಕು ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 3

ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆಗೆ ನಲವತ್ತರ ಹತ್ತಿರ ಇರಬಹುದು. ಸ್ಕ್ರೂಡ್ರೈವರನ್ನು ಜಡೆಗೆ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದಳು. ನಾನು ಬರೆದುಕೊಂಡು ಹೋದ ಚೀಟಿಯನ್ನು ಎರಡು ಸಲ ಓದಿದಳು.

"ಅಂಕಲ್, ಹೊಸದೇ ತಗೊಂಬಿಡಿ. ಇದಕ್ಕೆ ವಯಸ್ಸಾಯ್ತು."

"ನನಗೂ ಆಗಿದೆಯಮ್ಮ. ನನ್ನನ್ನೂ ಬದಲಾಯಿಸ್ತೀಯಾ? ಗಾರ್ಮೆಂಟ್ಸಲ್ಲಿ ಮೂವತ್ತೆಂಟು ವರ್ಷ ಮೆಕ್ಯಾನಿಕ್ ಆಗಿದ್ದೆ. ಮೋಟರ್ ಬದಲಾಯಿಸಿದ್ರೆ ಎಂಥಾ ಹಳೇ ಹೊಲಿಗೆ ಮೆಷಿನ್ನೂ ಓಡತ್ತೆ."

"ಅದು ಬರೀ ಹೊಲಿಯುತ್ತೆ. ಇದು ಯೋಚನೆ ಮಾಡತ್ತೆ."

"ಓವರ್‌ಲಾಕ್ ಮೆಷಿನ್ ನೋಡಿಲ್ಲ ನೀನು. ಅದೂ ಯೋಚನೆ ಮಾಡತ್ತೆ. ಇಲ್ದಿದ್ರೆ ಸರಿಯಾಗಿ ಶನಿವಾರ ಬಿಡೋ ಹೊತ್ತಿಗೇ ಹೇಗೆ ಕೆಡತ್ತೆ?"

ನಕ್ಕಳು. ನಕ್ಕ ಮೇಲೆ ಅರ್ಧ ಕೆಲಸ ಆದಂತೆಯೇ. ಏನೇನು ಬೇಕು ಅಂತ ತಿಳಿಯುವಂತೆ ಹೇಳಿದಳು. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ— ಬೇಗ ಎದ್ದು ಕೂರಲು. ರ್‍ಯಾಮ್— ಒಟ್ಟಿಗೆ ನಾಲ್ಕು ಕೆಲಸ ನೆನಪಿಟ್ಟುಕೊಳ್ಳಲು. ಗ್ರಾಫಿಕ್ಸ್ ಕಾರ್ಡ್— ಮರಗಳು ಹೊತ್ತಿಗೆ ಸರಿಯಾಗಿ ಹುಟ್ಟಲು. ಅದಕ್ಕೆಲ್ಲ ಶಕ್ತಿ ಕೊಡಲು ದೊಡ್ಡ ಪವರ್ ಸಪ್ಲೈ. ಮನೆಗೆ ಹೋಗಿ ಹಳೇ ಡಿಸ್ಕ್ ಬಿಚ್ಚಿ ತಂದೆ, ಅದರಲ್ಲಿದ್ದದ್ದೆಲ್ಲ ಹೊಸದಕ್ಕೆ ತುಂಬಿಕೊಟ್ಟಳು. ಹೆಂಡತಿಯ ಪ್ರಶ್ನೆಪತ್ರಿಕೆಗಳೇ ಆರುನೂರು ಇವೆಯಂತೆ. ಪಾಪ, ಆ ಮಕ್ಕಳು.

"ಫಿಟ್ಟಿಂಗ್ ನಾನೇ ಮಾಡಿಕೊಡ್ತೀನಿ ಅಂಕಲ್."

"ಫಿಟ್ಟಿಂಗಾ? ನನಗಾ?"

ಜಂಬದಿಂದ ಎಲ್ಲ ಚೀಲಕ್ಕೆ ತುಂಬಿಕೊಂಡು ಬಂದೆ.

ಮಾರ್ಚ್ 15, ಶನಿವಾರ. ಸಂಜೆ 5

ಆಪರೇಷನ್ ಸಕ್ಸೆಸ್! ಅಕ್ಕನದಲ್ಲ, ಇದರದು.

ಬೆಳಿಗ್ಗೆ ಎಂಟಕ್ಕೆ ಊಟದ ಮೇಜಿನ ಮೇಲೆ ಹಳೇ ಚಾದರ ಹಾಸಿ ಮಲಗಿಸಿದೆ. ಮುಚ್ಚಳ ಪೂರ್ತಿ ತೆಗೆದರೆ ಹನ್ನೆರಡು ವರ್ಷದ ಧೂಳು, ಕಂಬಳಿ ಹೊದ್ದ ಹಾಗೆ. ಬ್ರಷ್ ಹಿಡಿದು ಒಂದು ಗಂಟೆ. ಕೈಗೆ ಎಷ್ಟು ಹಿತ! ಕೆಲಸ ಬಿಟ್ಟಾಗಿನಿಂದ ಬೆರಳುಗಳು ಏನನ್ನೋ ಹುಡುಕುತ್ತಿದ್ದವು. ಸಿಕ್ಕಿತು.

ಗ್ರಾಫಿಕ್ಸ್ ಕಾರ್ಡ್ ಎರಡು ಬೆರಳು ಹೆಚ್ಚು ಉದ್ದ. ಹಳೇ ಡಿಸ್ಕ್ ಕೂರುತ್ತಿದ್ದ ತಗಡಿನ ಗೂಡು ಅಡ್ಡ ಬಂತು. ಗೂಡನ್ನೇ ಹೊರತೆಗೆದು ಗರಗಸದಲ್ಲಿ ಅರ್ಧ ಕತ್ತರಿಸಿ, ಅಂಚಿಗೆ ಅರ ಹಾಕಿ, ಮಗುವಿನ ಕೈಗೂ ಗೀರದ ಹಾಗೆ ನಯ ಮಾಡಿದೆ. ಕಾರ್ಡ್ ಹೋಗಿ ಕೂತಿತು. ಟಕ್. ಆ ಸದ್ದು! ಹೊಲಿಗೆ ಮೆಷಿನ್ನಿನಲ್ಲಿ ದಾರದ ಬಾಬಿನ್ ಸರಿಯಾಗಿ ಕೂತಾಗ ಬರುವ ಸದ್ದು.

ಆಮೇಲೆ ನಡುವಿನ ಫ್ಯಾನನ್ನೂ ಬಿಚ್ಚಿದೆ. ಅದರಡಿ ಕಂಪ್ಯೂಟರಿನ ಮಿದುಳು, ಮುಖ್ಯ ಚಿಪ್ಪು. ಅದರ ಮೇಲೆ ಬೂದುಬಣ್ಣದ ಕಿಟ್ಟ ಒಣಗಿ ಅಂಟಿತ್ತು. ಕೆರೆದು, ಒರೆಸಿ, ಕನ್ನಡಿ ಮಾಡಿ, ಫ್ಯಾನಿನ ಕಾಲಡಿ ಒಂದು ತೊಟ್ಟು ಮೆಷಿನ್ ಎಣ್ಣೆ ಬಿಟ್ಟು ಕೂರಿಸಿದೆ.

ಒತ್ತಿದೆ. ಎದ್ದಿತು! ಮೊದಲು ಅದು ಏಳುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರುತ್ತಿತ್ತು, ಈಗ ಸ್ಟೂಲು ಎಳೆದುಕೊಳ್ಳುವುದರೊಳಗೆ ರೆಡಿ. ಗೇಮ್ ತೆರೆದೆ. ಮರಗಳು ತಮ್ಮ ತಮ್ಮ ಜಾಗದಲ್ಲಿ. ಎಲೆ ಅಲ್ಲಾಡುತ್ತಿದೆ. ಲಾರಿಯ ಗಾಜಿನಲ್ಲಿ ಮೋಡ! ನಾನೊಬ್ಬನೇ ಇದ್ದದ್ದು, ಆದರೂ ಚಪ್ಪಾಳೆ ತಟ್ಟಿದೆ. ಮೊದಲ ತಿರುವು, ಎರಡನೇ ತಿರುವು, ಸೇತುವೆ—

ಕತ್ತಲೆ. ತಾನೇ ಆಫ್.

ಸುಸ್ತಾಗಿರಬೇಕು. ಮೊದಲ ದಿನ ತಾನೇ.

ಮಾರ್ಚ್ 16, ಭಾನುವಾರ. ಬೆಳಿಗ್ಗೆ 11

ಆರು ನಿಮಿಷ. ಪ್ರತಿಸಲವೂ ಆರೇ ನಿಮಿಷ. ಸೇತುವೆ ದಾಟಿಲ್ಲ.

ಅಕ್ಕ ಫೋನ್ ಮಾಡಿದಳು. ಎಲ್ಲ ಫಸ್ಟ್ ಕ್ಲಾಸ್ ಅಂದೆ. ಬಾಯಿಂದ ಬಂದುಬಿಟ್ಟಿತು.

"ನಾನು ಲಾರಿಗೆ ಕೆಂಪು ಬಣ್ಣ ಹಾಕಿದೀನಿ ಕಣೋ. ಅಪ್ಪಂದು ಹಾಗೇ ಇತ್ತಲ್ಲ. ನಂಗೆ ಬೇರೆ ಬಣ್ಣ ಸರಿಯಾಗಿ ಕಾಣಲ್ಲ, ಕೆಂಪು ಕಾಣತ್ತೆ."

ಅಪ್ಪನದು ಇಟ್ಟಿಗೆ ಲಾರಿ. ರಜೆಯಲ್ಲಿ ಮುಂದಿನ ಸೀಟಿನಲ್ಲಿ ನಾನು. ಹೆಣ್ಣುಮಗಳಿಗೆ ಲಾರಿ ಏಕೆ ಎಂದು ಅಕ್ಕ ಮನೆಯಲ್ಲಿ. ಒಂದು ಸಲ ಅವಳು ಹಿಂದೆ ತಾಡಪಾಲಿನ ಕೆಳಗೆ ಅಡಗಿ ಕೂತಳು. ನಾನು ನೋಡಿದೆ. ಯಾರಿಗೂ ಹೇಳಬೇಡ ಎಂದು ತುಟಿ ಮೇಲೆ ಬೆರಳಿಟ್ಟಳು. ಬೀದಿಯ ತಿರುವು ದಾಟುವ ಮೊದಲೇ ಅಪ್ಪನಿಗೆ ಹೇಳಿಬಿಟ್ಟೆ. ಏಕೆ ಹೇಳಿದೆ? ಮುಂದಿನ ಸೀಟನ್ನು ಅವಳು ಎಲ್ಲಿ ಕೇಳುತ್ತಾಳೋ ಎಂದು. ಅಷ್ಟೇ. ಇಳಿಸಿದರು, ಎರಡು ಬಿಗಿದರು. ಇಟ್ಟಿಗೆ ಧೂಳಿನಲ್ಲಿ ಕೆಂಪಾಗಿ ಮನೆಗೆ ನಡೆದುಹೋದಳು. ತಾನೇ ಸಿಕ್ಕಿಬಿದ್ದೆ ಎಂದುಕೊಂಡಿರಬೇಕು. ಅರವತ್ತು ವರ್ಷ ನನ್ನ ಬಾಯಿಗೆ ಬೀಗ. ಹೆಂಡತಿಗೂ ಹೇಳಿರಲಿಲ್ಲ.

ಬರುವ ಭಾನುವಾರ ಮತ್ತೆ ಅವಳಿಗೆ ಕೈಕೊಟ್ಟರೆ… ಇಲ್ಲ. ಬರೆಯುವುದಿಲ್ಲ.

ಮಾರ್ಚ್ 19, ಬುಧವಾರ. ಸಂಜೆ

ಎರಡು ದಿನ ಜಂಬ ಬಿಡಲಿಲ್ಲ. ಪವರ್ ಸಪ್ಲೈ ಬಿಚ್ಚಿ ಹಾಕಿದೆ. ರ್‍ಯಾಮ್ ಬಿಚ್ಚಿ ಹಾಕಿದೆ. ಆರು ನಿಮಿಷ. ಕೊನೆಗೆ ಬಟ್ಟೆ ಬುಟ್ಟಿಯಲ್ಲಿ ಹೊತ್ತು ಅಂಗಡಿಗೆ ಹೋದೆ. ಅರ ಹಾಕಿದ ಗೂಡು ನೋಡಿ ಅಂಗಡಿಯಾಕೆ ಬೆರಳಾಡಿಸಿದಳು.

"ಎಷ್ಟು ನೀಟಾಗಿ ಮಾಡಿದೀರ!"

ಆಮೇಲೆ ಫ್ಯಾನ್ ಬಿಚ್ಚಿದಳು. ಚಿಪ್ಪನ್ನು ಮುಟ್ಟಿ ಬೆರಳನ್ನು ಮೂಗಿಗೆ ಹಿಡಿದಳು.

"ಅಂಕಲ್… ಇದೇನಿದು?"

"ಮೆಷಿನ್ ಎಣ್ಣೆ. ಒಳ್ಳೇದು. ಕಲೆ ಆಗಲ್ಲ."

"ಯಾಕೆ ಬಿಟ್ರಿ?"

"ಎರಡು ಲೋಹ ಸೇರೋ ಕಡೆ ಬಿಡಬೇಕಲ್ಲಮ್ಮ."

"ಅವೆರಡೂ ಉಜ್ಜಾಡಲ್ಲ ಅಂಕಲ್! ಸುಮ್ನೆ ಕೂತಿರ್ತವೆ! ನೀವು ಕೆರೆದು ಬಿಸಾಕಿದ್ರಲ್ಲ ಬೂದಿ ಬಣ್ಣದ್ದು, ಚಿಪ್ಪಿನ ಬಿಸಿಯನ್ನ ಫ್ಯಾನಿಗೆ ಸಾಗಿಸ್ತಾ ಇದ್ದಿದ್ದೇ ಅದು. ಅದಕ್ಕೊಂದು ಪೇಸ್ಟ್ ಬರತ್ತೆ. ಇದು ಬಿಸಿ ತಡೀಲಾರದೆ ಪ್ರಾಣ ಉಳಿಸ್ಕೊಳ್ಳೋಕೆ ಆಫ್ ಆಗ್ತಿತ್ತು."

ಗೋಡೆ ಹಿಡಿದು ನಕ್ಕಳು. ಪಕ್ಕದ ಟೈಲರನ್ನು ಕರೆದು ತೋರಿಸಿದಳು. ಟೈಲರ್ ಮಾತ್ರ ಗಂಭೀರವಾಗಿ ಎಣ್ಣೆ ಮೂಸಿ, "ಒಳ್ಳೇ ಎಣ್ಣೆ" ಅಂದ. ಇದ್ದೊಬ್ಬ ನನ್ನ ಕಡೆಯವನು.

ನಗು ನಿಂತ ಮೇಲೆ ಮೆಲ್ಲಗೆ ಹೇಳಿದಳು. "ಐದು ದಿನ ಬಿಸಿಯಲ್ಲಿ ಕಾದಿದೆ. ಚಿಪ್ಪಿಗೆ ಪೆಟ್ಟಾಗಿದ್ರೆ ಇದಕ್ಕೆ ಹೊಂದೋದು ಈಗ ಸಿಗಲ್ಲ. ಇಲ್ಲೇ ಇರಲಿ. ನಾಳೆ ಇಡೀ ದಿನ ಓಡಿಸಿ ನೋಡ್ತೀನಿ."

ನಾಳೆ.

ಮಾರ್ಚ್ 20, ಗುರುವಾರ. ಸಂಜೆ 6

ಬದುಕಿದೆ! ಬದುಕಿದೆ! ದಿ ಪೇಷಂಟ್ ಈಸ್ ಔಟ್ ಆಫ್ ಡೇಂಜರ್. ಅಕ್ಕಿಕಾಳಿನಷ್ಟು ಪೇಸ್ಟ್ ಸಾಕಾಯಿತಂತೆ. ಏಳು ಗಂಟೆ ಒಂದೇ ಸಮನೆ ಓಡಿದೆ. ಸೇತುವೆ ದಾಟಿಸಿದ್ದೇ ಅಂಗಡಿಯಾಕೆ. ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಅದನ್ನು ಅವಳಿಗೆ ಹೇಳಲಿಲ್ಲ.

ಮಾರ್ಚ್ 23, ಭಾನುವಾರ. ಸಂಜೆ

ಅಕ್ಕ ಕಣ್ಣಿಗೆ ಔಷಧಿ ಬಿಟ್ಟುಕೊಳ್ಳಲು ಹೋಗಿದ್ದಾಳೆ. ಹತ್ತು ನಿಮಿಷ ವಿಶ್ರಾಂತಿ. ಎರಡು ಲಾರಿಯೂ ಗುಡ್ಡದ ನೆತ್ತಿಯಲ್ಲಿ ನಿಂತಿವೆ, ಎಂಜಿನ್ ಗುಡುಗುಡು. ಅಷ್ಟರಲ್ಲಿ ಬರೆದುಬಿಡಬೇಕು.

ಎರಡು ಗಂಟೆಗೆ ಹೊರಟೆವು. ಕಿವಿಗೆ ಹೆಡ್‌ಫೋನು, ಕಿವಿಯೊಳಗೆ ಅಕ್ಕ.

"ಹತ್ರ ಹತ್ರ ಬರಬೇಡ್ವೋ! ಬಾಲ ಹಿಡ್ಕೊಂಡು ಬರೋ ಕರು ಥರ!"

"ನೀನು ಬ್ರೇಕ್ ಹಾಕೋದು ನಿಲ್ಸು ಮತ್ತೆ!"

"ಎದುರಿಗೆ ಬರ್ತಿರೋದು ಬಸ್ಸೋ ಮರವೋ, ಹೇಳು ಬೇಗ!"

"ಬಸ್ಸು! ಬಸ್ಸು ಅಕ್ಕಾ! ಎಡಕ್ಕೆ!"

ಹಾಗೆ. ಅವಳು ಮುಂದೆ, ಅವಳ ಕಣ್ಣು ನಾನು, ಹಿಂದಿನಿಂದ. ಒಂದು ಸಲ ನಾನೇ ಚರಂಡಿಗೆ ಇಳಿಸಿದೆ. ಅಕ್ಕ ಅರ್ಧ ಫರ್ಲಾಂಗು ರಿವರ್ಸ್ ಬಂದು ಪಕ್ಕದಲ್ಲಿ ನಿಂತು ನಕ್ಕಳು. ಆ ನಗು! ಆರನೇ ಕ್ಲಾಸಿನ ಹುಡುಗಿಯದು. ಕಂಪ್ಯೂಟರ್ ಮುಟ್ಟಿ ನೋಡಿದೆ— ತಣ್ಣಗಿದೆ.

ಘಾಟಿ ಹತ್ತತೊಡಗಿದೆವು. ಆಗ ಬಾಯಿಂದ ಬಂತು.

"ಅಕ್ಕ… ಅವತ್ತು ಅಪ್ಪಂಗೆ ಹೇಳಿದ್ದು ನಾನು. ತಾಡಪಾಲಿನ ಕೆಳಗೆ ನೀನಿದ್ದಿದ್ದು."

ಗೇರ್ ಬದಲಾಯಿಸಿದ ಸದ್ದು ಕೇಳಿಸಿತು.

"ಗೊತ್ತು ಕಣೋ."

"ಗೊತ್ತಾ?"

"ಮತ್ತಿನ್ಯಾರು? ಇಟ್ಟಿಗೆ ಹೇಳತ್ತಾ? ತಿರುವು ಬಂತು, ಇಂಡಿಕೇಟರ್ ಹಾಕು."

ಹಾಕಿದೆ. ಅರವತ್ತು ವರ್ಷ! ಗೊತ್ತಿದ್ದೂ ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಸ್ವೆಟರ್ ಹೆಣೆದು ಕಳಿಸಿದ್ದಾಳೆ. ಅವೆಲ್ಲ ಕುತ್ತಿಗೆ ಬಿಗಿ ಏಕೆ ಎಂದು ಈಗ ಸಂಶಯ ಬರುತ್ತಿದೆ. ಸಬ್ಜೆಕ್ಟ್ ಟು ಕರೆಕ್ಷನ್.

ಸರಕು ಇಳಿಸುವ ಗೋದಾಮು ಬಂತು. ಅವಳು ನಿಲ್ಲಿಸಲಿಲ್ಲ.

"ಅಕ್ಕ, ಗೋಡೌನ್ ಹಿಂದೆ ಹೋಯ್ತು!"

"ಹೋಗ್ಲಿ ಬಿಡು. ಆಪರೇಷನ್ ನಾಳೆ ತಾನೇ? ಮುಂದೆ ಸಮುದ್ರ ಇದೆಯಂತೆ, ಸೊಸೆ ಹೇಳ್ತಿದ್ಲು. ನೋಡ್ಕೊಂಡು ಬರೋಣ."

ಸರಕು ತಡವಾದರೆ ದಂಡ ಎಂದು ಗೇಮ್ ಕೂಗುತ್ತಲೇ ಇದೆ. ಕೂಗಲಿ. ಇನ್‌ಸ್ಪೈಟ್ ಆಫ್… ಅಲ್ಲ, ಇಲ್ಲಿಗೆ ನೆವರ್‌ದಿಲೆಸ್ಸೇ ಸರಿ. ಕೊನೆಗೂ ಜಾಗ ಸಿಕ್ಕಿತು ಅದಕ್ಕೆ.

ಬಂದಳು. ಹಾರ್ನ್ ಹೊಡೆಯುತ್ತಿದ್ದಾಳೆ, ಒಂದೇ ಸಮ. "ಕತ್ತಲಾಗೋದ್ರೊಳಗೆ ಸಮುದ್ರ ನೋಡ್ಬೇಕು ಕಣೋ, ಆಮೇಲೆ ನಂಗೆ ಕಾಣಲ್ಲ" ಅನ್ನುತ್ತಿದ್ದಾಳೆ. ಗೇಮಿನ ಬೆಳಕಿನ ವಿಷಯ ಹೇಳುತ್ತಿದ್ದಾಳೆ. ಇಲ್ಲಿ ಕಿಟಕಿಯಲ್ಲೂ ಅಷ್ಟೇ… ಬರೆದ ಅಕ್ಷರ ಮಸುಕಾಗುತ್ತಿದೆ, ಲೈಟ್ ಹಾಕಲು ಏಳಬೇಕು, ಎದ್ದರೆ ಅವಳು ಹೊರಟುಬಿಡುತ್ತಾಳೆ, ಅವಳ ಲಾರಿಯ ಹಿಂದಿನ ಕೆಂಪು ದೀಪ ಆಗಲೇ