ಎಡ ತೊಂಬತ್ತು, ಬಲ ಎಂಬತ್ತು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಗೋದಾಮಿನಲ್ಲಿ ದಿನವಿಡೀ ನಿಂತೇ ಕೆಲಸವಂತೆ, ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ಬಸ್ಸು ಹತ್ತಿದರೂ ನೀನು ಮುಂದಿನ ಸೀಟಿನಲ್ಲಿ ಕೂರುವುದಿಲ್ಲ ಎಂದೂ ಹೇಳಿದಳು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಕಿವಿ ಇನ್ನಷ್ಟು ಮಂದವಾಗಿದೆ, ಆದರೆ ನಿನ್ನ ಸುದ್ದಿ ಎತ್ತಿದರೆ ಪಕ್ಕದ ಕೋಣೆಯಿಂದಲೂ ಕೇಳಿಸಿಕೊಂಡು ಎದ್ದು ಬರುತ್ತಾಳೆ. ನಾನು ಎಂದಿನಂತೆ: ಕಾಲೇಜು, ಪಾಠ, ಪೇಪರು ತಿದ್ದುವುದು. ಗೋಡೆಯ ಮೇಲೆ ಸೊಟ್ಟಗಾದ ಪಟ ಕಂಡರೆ ಈಗಲೂ ಎದ್ದು ಹೋಗಿ ಸರಿ ಮಾಡುತ್ತೇನೆ. "ಅಕ್ಕ ಬಂದ್ಲು, ಗೋಡೆಗಳೇ, ನೆಟ್ಟಗೆ ನಿಂತ್ಕೊಳ್ಳಿ" ಎಂದು ನೀನು ಕೂಗುತ್ತಿದ್ದೆಯಲ್ಲ. ಆರು ವರ್ಷದಿಂದ ಹಾಗೆ ಕೂಗುವವರಿಲ್ಲ.

ಅಪ್ಪನ ಲಾರಿಯ ವಿಷಯ ಬರೆಯಬೇಕು. ಪತ್ರವನ್ನು ಇಲ್ಲಿಗೇ ಮಡಿಚಿಡಬೇಡ. ಆರು ವರ್ಷದ ಹಿಂದಿನ ಆ ಅಪಘಾತದ ನಂತರ ಚಿಕ್ಕಪ್ಪ ಎಡಗಡೆಯ ಬಾಗಿಲನ್ನಷ್ಟೇ ಹೊಸದು ಹಾಕಿಸಿ ಅದನ್ನು ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಈಗ ಕೊಳ್ಳುವವರೊಬ್ಬರು ಬಂದಿದ್ದಾರೆ. ಹೊಸ ಟೈರು ಹಾಕಿಸಿ ಓಡಿಸಲು ಹೋದವರು ಹತ್ತೇ ನಿಮಿಷಕ್ಕೆ ವಾಪಸು ಬಂದು, "ಗಾಡಿ ಎಡಕ್ಕೆ ಎಳೀತಾ ಇದೆ, ಯಾರಿಗಾದ್ರೂ ತೋರಿಸಿ" ಎಂದರು. ಅವರಿಗೆ ಕೊಡಲು ತಂದ ನೀರಿನ ಲೋಟ ನನ್ನ ಕೈಯಲ್ಲೇ ಉಳಿಯಿತು. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನೀನು ಎಲ್ಲರಿಗೂ ಹೇಳಿದ್ದು ಇದೊಂದೇ ಮಾತು. "ಎಳೆಯೋಕೆ ಅದೇನು ಎಮ್ಮೆನಾ?" ಎಂದಿದ್ದರು ಚಿಕ್ಕಪ್ಪ. ನಾನು ಅಂದದ್ದು ಅದಕ್ಕಿಂತ ಕೆಟ್ಟದ್ದು: "ಕೈ ನಿಂದು ಕಣೋ, ಗಾಡೀದಲ್ಲ." ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಮತ್ತೆ ಯಾರಿಗೂ ಆ ಮಾತು ಹೇಳಲಿಲ್ಲ.

ನಿನ್ನೆ ಶೆಡ್ಡಿಗೆ ಬಂದ ಮೆಕ್ಯಾನಿಕ್ ವಯಸ್ಸಾದವರು, ಅವಸರವಿಲ್ಲದ ಮನುಷ್ಯ. ಮೊದಲು ಮುಂದಿನ ಎರಡೂ ಚಕ್ರದ ಗಾಳಿ ನೋಡಿದರು, ಸಮವಾಗಿತ್ತು. ಎಡದ ಟೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಓಡಿಸಿದರು. ಟೈರಿನದೇ ದೋಷವಾಗಿದ್ದರೆ ಈಗ ಬಲಕ್ಕೆ ಎಳೆಯಬೇಕಿತ್ತು. ಆಗಲೂ ಎಡಕ್ಕೇ. ಇಳಿದು ಬಂದು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ, ಒಂದೊಂದೇ ಚಕ್ರದ ನಡುಮಧ್ಯಕ್ಕೆ ಅಂಗೈ ಇಟ್ಟರು. ಒಂದು ಕಡೆ ಬ್ರೇಕು ಹಿಡಿದುಕೊಂಡಿದ್ದರೆ ಆ ಚಕ್ರ ಹೆಚ್ಚು ಕಾದಿರುತ್ತದಂತೆ. ಎರಡೂ ಒಂದೇ ಬಿಸಿ. ಆಮೇಲೆ ಜೇಬಿನಿಂದ ದಾರದ ಉಂಡೆ ತೆಗೆದು ಒಂದು ತುದಿ ನನಗೆ ಕೊಟ್ಟು, "ಹಿಂದಿನ ಚಕ್ರದ ನಡುವಿಗೆ ಒತ್ತಿ ಹಿಡ್ಕೊಳ್ಳಿ ಮೇಡಂ, ಅಲ್ಲಾಡಬೇಡಿ" ಎಂದರು. ಬಲಗಡೆ ಮುಂದಿನ ಚಕ್ರದವರೆಗೆ ಅಳೆದು ಒಂದು ಗಂಟು ಹಾಕಿದರು. ಅದೇ ದಾರವನ್ನು ಎಡಗಡೆ ಹಿಡಿದಾಗ ಗಂಟು ಒಂದು ಬೆರಳಿನಷ್ಟು ಮುಂದೆ ಹೋಯಿತು. ಎಡ ಚಕ್ರ ತನ್ನ ಜಾಗ ಬಿಟ್ಟು ಹಿಂದಕ್ಕೆ ಸರಿದಿತ್ತು. ಕೆಳಗೆ ತೂರಿ ನೋಡಿ, ಆಕ್ಸಲನ್ನು ಹಿಡಿದಿಡುವ ಬೋಲ್ಟು ತುಂಡಾಗಿದೆ ಎಂದರು. "ಹಳೇದು ಇದು. ತುಕ್ಕಿನ ಕೆಳಗೆ ಉಜ್ಜಿದ ಗುರುತು ನೋಡಿ. ಬಹಳ ದಿನ ಹೀಗೇ ಓಡಿಸಿದ್ದಾರೆ."

ಅಪ್ಪ ಗಾಜು ಸಾಗಿಸುತ್ತಿದ್ದವರು, ಎಳೆಯುವ ಗಾಡಿಯಲ್ಲಿ ಅದು ಹೇಗೆ ಸಾಧ್ಯ ಎಂದು ಕೇಳಿದೆ. ಅವರು ಸ್ಪ್ಯಾನರ್ ಹುಡುಕುತ್ತಾ ಅಪ್ಪನ ಟೂಲ್ ಬಾಕ್ಸ್ ತೆರೆದರು. ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದಲ್ಲಿ ಅಪ್ಪನ ದುಂಡು ಅಕ್ಷರ: "ಎಡ ೯೦, ಬಲ ೮೦. ಮರೀಬೇಡ." ಕೆಳಗೆ ತಾರೀಖು, ಅಪಘಾತಕ್ಕಿಂತ ಒಂದೂವರೆ ವರ್ಷ ಹಿಂದಿನದು. ಮೆಕ್ಯಾನಿಕ್ ನಕ್ಕುಬಿಟ್ಟರು. "ನಿಮ್ಮಪ್ಪ ಭಾರಿ ಕಿಲಾಡಿ! ಬೋಲ್ಟ್ ಹಾಕ್ಸೋದು ಬಿಟ್ಟು ಗಾಳೀಲೇ ಗಾಡಿ ಪಳಗಿಸಿದ್ದಾರೆ." ಅದು ಮುಂದಿನ ಚಕ್ರಗಳ ಗಾಳಿಯ ಲೆಕ್ಕ. ಬಲ ಚಕ್ರದಲ್ಲಿ ಗಾಳಿ ಕಡಿಮೆಯಿದ್ದರೆ ಗಾಡಿ ಬಲಕ್ಕೆ ಎಳೆಯುತ್ತದಂತೆ. ಆ ಎಳೆತಕ್ಕೆ ಈ ಎಳೆತ ವಜಾ ಆಗಿ ಗಾಡಿ ನೇರ ಹೋಗುತ್ತದೆ. ಅದಕ್ಕೇ ಅಪ್ಪ ನಿನಗೆ ಏನೂ ಹೇಳಲಿಲ್ಲ. ತಮ್ಮ ಕಣ್ಣಿನ ಆಪರೇಷನ್ ಆದಮೇಲೆ ಮೊದಲ ಸಲ ಸ್ಟೀರಿಂಗನ್ನು ನಿನಗೆ ಬಿಟ್ಟು ಪಕ್ಕದಲ್ಲಿ ಕೂತಾಗ, ಗಾಳಿ ತಾವು ಇಟ್ಟ ಹಾಗೇ ಇದೆ ಅಂದುಕೊಂಡಿದ್ದರು. ಇರಲಿಲ್ಲ. ಮನೆಗೆ ಹೋಗಿ ಪೊಲೀಸರ ತಪಾಸಣೆಯ ಕಾಗದ ಹುಡುಕಿ ತಂದು ಮೆಕ್ಯಾನಿಕ್ ಮುಂದೆಯೇ ಓದಿದೆ: "ಮುಂದಿನ ಎರಡೂ ಚಕ್ರಗಳಲ್ಲಿ ಗಾಳಿ ಸಮ. ವಾಹನದಲ್ಲಿ ದೋಷ ಕಂಡುಬಂದಿಲ್ಲ." ಆ ಸಾಲಿನ ಮೇಲೆಯೇ ಅಲ್ಲವೇ ತಪ್ಪು ನಿನ್ನದೆಂದು ನಾವೆಲ್ಲ ತೀರ್ಮಾನಿಸಿದ್ದು?

ನೀನು ಬಲಕ್ಕೆ ಎಳೆದು ಹಿಡಿದದ್ದರಿಂದ ಲಾರಿಯ ಮೂತಿ ಸೇತುವೆಯ ಗೋಡೆಯಿಂದ ತಪ್ಪಿಸಿಕೊಂಡಿತು, ಅಪ್ಪ ಕೂತಿದ್ದ ಬಾಗಿಲು ಸಿಕ್ಕಿಹಾಕಿಕೊಂಡಿತು. ಹಿಂದೆ ತುಂಬಿದ್ದ ಗಾಜಿನಲ್ಲಿ ಒಂದೇ ಒಂದು ಬಿರುಕು ಬಿಡಲಿಲ್ಲ. ಮೈಮರೆತು ಓಡಿಸಿದವನು ಗಾಜನ್ನು ಹಾಗೆ ನಿಲ್ಲಿಸುತ್ತಾನೆಯೇ ಎಂದು ಮನೆಯಲ್ಲಿ ಒಬ್ಬರೂ ಯೋಚಿಸಲಿಲ್ಲ.

ಆಸ್ಪತ್ರೆಯ ಕೊನೆಯ ದಿನ ಅಪ್ಪ "ಗಾಳಿ, ಗಾಳಿ" ಅಂದದ್ದು ನಿನಗೆ ಗೊತ್ತಿಲ್ಲ. ನಿನ್ನನ್ನು ಒಳಗೆ ಬಿಟ್ಟಿರಲಿಲ್ಲ. ನಾನು ಓಡಿಹೋಗಿ ಕಿಟಕಿ ತೆರೆದೆ. ತಲೆ ಅಲ್ಲಾಡಿಸಿದರು. ಫ್ಯಾನು ಜೋರು ಮಾಡಿದೆ. ಮತ್ತೆ ಅಲ್ಲಾಡಿಸಿ, ನನ್ನ ಮುಖವನ್ನೇ ನೋಡುತ್ತಾ, "ಗಾಳಿ ಯಾರು..." ಅಂದರು. ಸೆಕೆಗೆ ಬಡಬಡಿಸುತ್ತಿದ್ದಾರೆ ಎಂದುಕೊಂಡು ಹಣೆ ಒರೆಸಿದೆ. ಕವಿತೆಯಲ್ಲಿ ಗಾಳಿ ಎಂಬ ಮಾತು ಬಂದರೆ ಹತ್ತು ಅರ್ಥ ಬಿಡಿಸಿ ಹೇಳುವವಳು ನಾನು. ಅಪ್ಪನ ಬಾಯಿಂದ ಬಂದಾಗ ಒಂದೇ ಹೊಳೆಯಿತು.

"ಹಾಗಾದ್ರೆ ಸಮ ಮಾಡಿದ್ದು ಯಾರು ಮೇಡಂ?" ಎಂದು ಪೊಲೀಸರ ಆ ಸಾಲು ಓದಿದಾಗಲೇ ಮೆಕ್ಯಾನಿಕ್ ಕೇಳಿದ್ದರು. ನಾನು ದಾರ ಸುತ್ತುತ್ತಾ ನಿಂತಿದ್ದೆ. ಒಂದು ನಿಮಿಷದ ಕೆಲಸ. ಬಹಳ ಹೊತ್ತು ಸುತ್ತಿದೆ.

ತಪ್ಪು ನಿನ್ನದಲ್ಲ ಎಂದು ಅಮ್ಮನ ಕಿವಿಯ ಹತ್ತಿರ ಹೇಳಿದೆ. ಎರಡು ಸಲ ಹೇಳಿಸಿಕೊಂಡಳು. ಮೊದಲ ಸಲವೇ ಕೇಳಿಸಿತ್ತೆಂದು ನನಗೆ ಗೊತ್ತು. ಚಿಕ್ಕಪ್ಪ ಶೆಡ್ಡಿಗೆ ಹೋಗಿ ಆ ಮುಚ್ಚಳದ ಧೂಳು ಒರೆಸಿ ಬಂದರು. ಬೆನ್ನಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ನಿಮ್ಮಿಬ್ಬರಿಗೂ ಅಮ್ಮನ ಆಶೀರ್ವಾದ.

ನಿನ್ನ
ಅಕ್ಕ

ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ, ಮರೆತಿರಲಿಲ್ಲ: ನೀವು ಹೊರಡುವ ಹಿಂದಿನ ಸಂಜೆ ಪಂಕ್ಚರ್ ಅಂಗಡಿಯವನು ಮನೆ ಮುಂದೆ ಗಾಳಿ ನೋಡಿ, "ಎಡ ತೊಂಬತ್ತು, ಬಲ ಎಂಬತ್ತು" ಅಂದ. "ಒಂದು ಹೆಚ್ಚು ಒಂದು ಕಮ್ಮಿ ಯಾಕಪ್ಪ, ಎರಡೂ ಸಮ ಮಾಡು" ಅಂದೆ. "ಯಜಮಾನ್ರನ್ನ ಒಂದ್ಮಾತು ಕೇಳ್ಲಾ?" ಅಂದ. "ಕಣ್ಣಿಗೆ ಔಷಧಿ ಹಾಕ್ಕೊಂಡು ಮಲಗಿದ್ದಾರೆ, ಎಬ್ಬಿಸಬೇಡ" ಅಂದೆ. ಆರು ವರ್ಷ ಅದನ್ನೊಂದು ಒಳ್ಳೆಯ ಕೆಲಸವೆಂದೇ ತಿಳಿದಿದ್ದೆ. ಅಮ್ಮನಿಗೆ ಇದನ್ನಿನ್ನೂ ಹೇಳಿಲ್ಲ, ಮೊದಲು ನಿನಗೆ ಹೇಳಬೇಕಿತ್ತು. ಕೈ ನಂದು ಕಣೋ, ನಿಂದಲ್ಲ.