ಹೆಸರು ಹೇಳದೆ ಕೇಳಿಸಿದ್ದು

ಮನೆ, ಮುಂದಿನ ಕೋಣೆ
ಭಾನುವಾರ, ಜೂನ್ ೯

ಪ್ರೀತಿಯ ನಮ್ಮವರಿಗೆ,

ರೀ, ಹೇಗಿದೀರಿ? ಸೊಂಟ ನೋವು ಕಮ್ಮಿ ಆಯ್ತಾ? ಲಿಫ್ಟಿನ ಗುಂಡಿಗೆ ಇಳಿದು ದಿನವಿಡೀ ಬಗ್ಗಿ ಕೆಲಸ ಮಾಡೋರು ಬೆಲ್ಟು ಕಟ್ಟಿಕೊಳ್ಳಲೇಬೇಕು ಅಂತ ಡಾಕ್ಟ್ರು ಬಾಯಿ ಬಡ್ಕೊಂಡು ಹೇಳಿದ್ರು. ಆ ಬೆಲ್ಟು ನಾನು ಮಡಚಿಟ್ಟ ಹಾಗೇ ನಿಮ್ಮ ಪೆಟ್ಟಿಗೆ ತಳದಲ್ಲಿ ಬಿದ್ದಿರೋದು ನನಗೆ ಇಲ್ಲಿಂದಲೇ ಕಾಣ್ತಿದೆ. ಬಿ.ಪಿ. ಮಾತ್ರೆ ತಪ್ಪದೆ ತಗೊಳ್ತಿದೀರಾ? ಸುಳ್ಳು ಹೇಳ್ಬೇಡಿ. ನಾನು ಗುಂಡುಕಲ್ಲಿನ ಹಾಗಿದೀನಿ. ಕೆಲಸಕ್ಕೇನೂ ಬರ ಇಲ್ಲ, ಹಲ್ಲು ಉದುರೋರು ಉದುರ್ತಾನೇ ಇದಾರೆ, ನಾನು ಸೆಟ್ಟು ಕಟ್ಟಿಕೊಡ್ತಾನೇ ಇದೀನಿ. ಅಡುಗೆಮನೆ ನಲ್ಲಿ ಮಾತ್ರ ಸೋರ್ತಿದೆ. ಪ್ಲಂಬರ್ ನಾಳೆ ನಾಳೆ ಅಂತಾನೆ.

ಫೋನ್ ಇರುವಾಗ ಇವಳ್ಯಾಕೆ ಕಾಗದ ಬರೀತಾಳೆ ಅಂತ ಹುಬ್ಬೇರಿಸಬೇಡಿ. ಫೋನಲ್ಲಿ ನಿಮ್ಮ ಜೊತೆ ಸಂಸಾರದ ಮಾತಾಡೋಕೆ ಆಗುತ್ತಾ? ಹೋದ ವಾರ ಏನು ಮಾಡಿದ್ರಿ, ನೆನಪಿಸಿಕೊಳ್ಳಿ. ಕಂಪನಿಯವರು ಇನ್ನೂ ಎರಡು ವರ್ಷ ಇಲ್ಲೇ ಇರಿ ಅಂತಿದಾರೆ, ತಿಂಗಳ ಕೊನೆಯೊಳಗೆ ಸಹಿ ಹಾಕ್ಬೇಕಂತೆ, ಏನ್ ಮಾಡ್ಲಿ ಹೇಳು ಅಂತ ಒಂದೇ ಉಸಿರಲ್ಲಿ ಅಂದ್ರಿ. ನಾನು ಬಾಯಿ ತೆಗೆಯೋಷ್ಟರಲ್ಲಿ, ಅದಿರ್ಲಿ, ಈಚೆಗೆ ಒಂದು ಸಾರಂಗಿ ರೆಕಾರ್ಡಿಂಗು ಸಿಕ್ಕಿದೆ ಕಣೇ, ಅದೇನು ನೋವು, ಅದೇನು ನರಳಿಕೆ ಅಂತ ಶುರು ಹಚ್ಚಿಕೊಂಡ್ರಿ. ಆಮೇಲೆ ಸಾರಂಗಿ, ಸಾರಂಗಿ, ಬರೀ ಸಾರಂಗಿ. ಹೆಂಡತಿ ನರಳಿದ್ರೆ ಕೇಳಿಸದ ಕಿವಿಗೆ ತಂತಿ ನರಳಿದ್ದು ಎಷ್ಟು ಚೆನ್ನಾಗಿ ಕೇಳಿಸುತ್ತಪ್ಪಾ! ಕೊನೆಗೆ ಫೋನ್ ಇಡೋವಾಗ, ಹಾಗಾದ್ರೆ ಸಹಿ ಹಾಕ್ಲಾ ಅಂದ್ರಿ. ನಾನು 'ನಿಮ್ಮಿಷ್ಟ' ಅಂದೆ. ನನ್ನ 'ನಿಮ್ಮಿಷ್ಟ'ಕ್ಕೆ ಏನರ್ಥ ಅಂತ ಇಷ್ಟು ವರ್ಷ ಸಂಸಾರ ಮಾಡಿದೋರಿಗೆ ಗೊತ್ತಿರಬೇಕಿತ್ತು. ಅದಕ್ಕೇ ಈ ಕಾಗದ. ಇದು ಮಧ್ಯೆ ಬಾಯಿ ಹಾಕೋಕೆ ಬಿಡಲ್ಲ.

ಮೊದಲು ನಿಮ್ಮ ಶನಿವಾರದ ಹಾಡು ಕೇಳೋ ಕೂಟದ ಸುದ್ದಿ ಹೇಳಿಬಿಡ್ತೀನಿ. ಅದಿಲ್ಲದೆ ಮುಂದಿನ ಸಾಲು ನೀವು ಓದೋದೇ ಇಲ್ಲ. ಹೋಗೋವಾಗ ಏನಂದ್ರಿ? ನಾನಿಲ್ಲ ಅಂತ ಕೂಟ ನಿಲ್ಲಬಾರದು, ನೀನು ಬಾಗಿಲು ತೆಗೆದು ಚಹಾ ಕೊಟ್ಟರೆ ಸಾಕು, ಅವರೇ ನಡೆಸ್ಕೊಂಡು ಹೋಗ್ತಾರೆ ಅಂದ್ರಿ. ನಡೆಸ್ತಿದಾರೆ, ನಡೆಸ್ತಿದಾರೆ, ನನ್ನ ತಲೆ ಮೇಲೆ ನಡೆಸ್ತಿದಾರೆ. ನೀವು ಹೊರಟ ವಾರವೇ ಆ ಮ್ಯಾನೇಜರು ನಿಮ್ಮ ಬೆತ್ತದ ಕುರ್ಚಿ ಹಿಡಿದ್ರು. ಬ್ಯಾಂಕಿಂದ ರಿಟೈರಾಗಿ ಎಷ್ಟು ವರ್ಷ ಆಯ್ತೋ, ಇನ್ನೂ ಎದುರಿಗಿರೋರೆಲ್ಲ ಸಾಲಕ್ಕೆ ಬಂದೋರು ಅನ್ನೋ ಗತ್ತು. 'ಇತ್ತೀಚೆಗೆ ನಾನು ಕೇಳ್ತಿರೋದು' ಅಂತ ಗಂಟಲು ಸರಿಮಾಡಿಕೊಂಡ್ರೆ ಮುಗೀತು. ಹಾಡು ಐದು ನಿಮಿಷ, ಪೀಠಿಕೆ ಅರ್ಧ ಗಂಟೆ. ಒಂದು ಗುಟ್ಟು ಹೇಳ್ತೀನಿ. ಹಾಡಿನ ಮಧ್ಯೆ ಅವರು ಟಕ್ ಅಂತ ಬಾಯಿ ಚಪ್ಪರಿಸ್ತಾರಲ್ಲ, ಎಂಥ ರಸಿಕರು ನೋಡೇ ಅಂತ ನೀವು ನನಗೆ ತೋರಿಸ್ತಿದ್ರಲ್ಲ, ಅದು ರಸಿಕತೆ ಅಲ್ಲ. ಮೇಲಿನ ಹಲ್ಲುಸೆಟ್ಟು ಸಡಿಲ ಆಗಿ ಕೆಳಗೆ ಬೀಳೋ ಸದ್ದು. ಆ ಸೆಟ್ಟು ಮಾಡಿದೋಳು ನಾನು, ನನಗೆ ಗೊತ್ತಿಲ್ವಾ? ಬನ್ನಿ ಸರ್, ಬಿಗಿ ಮಾಡಿಕೊಡ್ತೀನಿ ಅಂದ್ರೆ ನನಗೇನಾಗಿದೆ ಅಂತ ಮುಖ ಸಿಂಡರಿಸ್ತಾರೆ.

ಕಣ್ಣಿನ ಡಾಕ್ಟ್ರಿಗೆ ಇನ್ನೊಂದು ರೋಗ. ತಮ್ಮನ್ನು ಬಿಟ್ಟು ಬೇರೆ ಇಬ್ಬರಿಗೆ ಇಷ್ಟ ಆದ ಹಾಡು ಅವರಿಗೆ ಆಗಿಬರಲ್ಲ. ಭೂಪಟದಲ್ಲಿ ಭೂತಗನ್ನಡಿ ಹಿಡಿದು ಹುಡುಕಿದ್ರೂ ಸಿಗದ ಊರಿಂದ ಏನಾದ್ರೂ ಹೆಕ್ಕಿ ತರ್ತಾರೆ. ಹೋದ ತಿಂಗಳು ಯಾರೋ ಪುಣ್ಯಾತ್ಮರು ಟೊಳ್ಳು ಮರದ ದಿಮ್ಮಿಗೆ ಏನೋ ತಗೊಂಡು ಕುಟ್ತಿದ್ರು. ಕುಟ್ಟಿದ್ದೇ ಕುಟ್ಟಿದ್ದು. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೀತಿದಾರೆ ಅಂತ ನಾನು ಬೈಯೋಕೆ ಹೊರಗೆ ಹೋಗಿ ಬಂದೆ. ಒಳಗೆ ನೋಡಿದ್ರೆ ಎಲ್ಲರೂ ಕಣ್ಣುಮುಚ್ಚಿ ತಲೆದೂಗ್ತಿದಾರೆ! ಇನ್ನು ಔಷಧಿ ಅಂಗಡಿಯ ನಿಮ್ಮ ಹೌದಪ್ಪ. ಆ ಅಡ್ಡಹೆಸರು ಇಟ್ಟಿದ್ದಕ್ಕೆ ನಿಮಗೆ ನೂರು ನಮಸ್ಕಾರ. ಮ್ಯಾನೇಜರು ಚೆನ್ನಾಗಿದೆ ಅಂದ್ರೆ ಹೌದು, ಡಾಕ್ಟ್ರು ಚೆನ್ನಾಗಿಲ್ಲ ಅಂದ್ರೆ ಅದೂ ಹೌದು. ಸ್ವಂತಕ್ಕೆ ಕಿವಿ ಅನ್ನೋದೇ ಇಲ್ಲ, ಕನ್ನಡಕದ ಕಡ್ಡಿ ಸಿಕ್ಕಿಸೋಕೆ ಎರಡು ಇಟ್ಕೊಂಡಿದಾರೆ ಅಷ್ಟೆ. ಚಹಾದ ಜೊತೆ ಬಿಸ್ಕತ್ತು ಇಟ್ಟರೆ ಮಾತ್ರ ಯಾರ ಅಭಿಪ್ರಾಯಕ್ಕೂ ಕಾಯೋದಿಲ್ಲ, ಕೈ ಮೊದಲು ಹೋಗುತ್ತೆ.

ಇಂಥವರಿಗೆ ನೀವು ಒಂದು ಕಟ್ಟಳೆ ಬೇರೆ ಮಾಡಿಕೊಟ್ಟು ಹೋಗಿದೀರಿ. ಯಾರು ಹಾಡಿದ್ದು, ಯಾರು ನುಡಿಸಿದ್ದು ಅಂತ ಮೊದಲು ಹೇಳೋ ಹಾಗಿಲ್ಲ, ದೀಪ ಆರಿಸಿ ಸುಮ್ಮನೆ ಕೇಳ್ಬೇಕು, ಒಬ್ಬೊಬ್ಬರೂ ಅಭಿಪ್ರಾಯ ಹೇಳಿ ಮುಗಿದ ಮೇಲೆ ಹೆಸರು. ದೊಡ್ಡ ಹೆಸರು ಕೇಳಿ ಹೊಗಳೋ ಚಾಳಿ ಹೋಗ್ಲಿ ಅಂತ ನೀವು ಮಾಡಿದ್ದು. ಒಳ್ಳೇದೇ ಮಾಡಿದ್ರಿ. ಆದ್ರೆ ಹೆಸರು ಗೊತ್ತಿಲ್ಲದಿದ್ರೆ ಎಲ್ಲಿ ಪೆದ್ದರಾಗ್ತೀವೋ ಅನ್ನೋ ಭಯಕ್ಕೆ ಇವರು ಎಲ್ಲವನ್ನೂ ಹೊಗಳೋದು ಕಲಿತಿದಾರೆ. ಇಷ್ಟು ವರ್ಷದಿಂದ ಹಾಡು ಹಾಕೋ ಸರದಿ ಕಿಟಕಿ ಪಕ್ಕದಿಂದ ಹೊರಟು, ಸೋಫಾ ದಾಟಿ, ಬಾಗಿಲ ಹತ್ತಿರ ಟ್ರೇ ಹಿಡಿದು ನಿಂತ ನನ್ನ ತನಕ ಬಂದು, ನನ್ನನ್ನು ಹಾರಿ ಮತ್ತೆ ಕಿಟಕಿಗೆ ಹೋಗುತ್ತೆ. ನೀವಮ್ಮಾ, ಇತ್ತೀಚೆಗೆ ಏನು ಕೇಳ್ತಿದೀರಿ ಅಂತ ಒಬ್ಬ ಮಹಾರಾಯನೂ ಕೇಳಿಲ್ಲ. ನೀವೂ ಕೇಳಿಲ್ಲ, ಹೇಳಿದ್ರೆ ಕೋಪ ಬರುತ್ತೆ ನಿಮಗೆ.

ಈಗ ನಿನ್ನೆಯ ಕಥೆ. ಎಂದಿನ ಹಾಗೆ ನಿಮ್ಮ ಪಾಲಿನದು ಬೆಳಿಗ್ಗೆನೇ ನನ್ನ ಫೋನಿಗೆ ಬಂತು, ಅದೇ ಸಾರಂಗಿ. ನಿಮ್ಮ ಸರದಿ ಬಂದಾಗ ನಾನು ಒಳಗೆ ಯಾರದೋ ದವಡೆಯ ಅಚ್ಚು ಬಿಡಿಸ್ತಿದ್ದೆ, ಕೈಯೆಲ್ಲ ಪ್ಲಾಸ್ಟರು. ಕನ್ನಡಕ ಹುಡುಕೋ ತಾಳ್ಮೆ ಇರಲಿಲ್ಲ. ಹಾಗೇ ಬಂದು ಫೋನನ್ನು ನಿಮ್ಮ ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ ಕಿರುಬೆರಳಲ್ಲಿ ಒತ್ತಿದೆ, ದೀಪ ಆರಿಸಿದೆ. ಶುರು ಆಯ್ತು ನೋಡಿ. ಮೊದಲು ಉದ್ದಕ್ಕೆ ಒಂದು ಎಳೆತ, ಗರಗಸ ಹಸಿ ಮರಕ್ಕೆ ಇಳಿದ ಹಾಗೆ. ಆಮೇಲೆ ಏನೂ ಇಲ್ಲ. ಸತ್ತೇ ಹೋದ್ರೇನೋ ಅನ್ನೋವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಪುಸ್ ಅಂತ ಒಂದು ಸಣ್ಣ ಸೀಟಿ. ಅದು ಸಾರಂಗಿ ಅಲ್ಲ ರೀ. ನಿಮ್ಮ ಗೊರಕೆ.

ನಾನು ಗೊರಕೆ ಹೊಡೆಯೋದೇ ಇಲ್ಲ, ಎಲ್ಲ ನಿನ್ನ ಕಟ್ಟುಕಥೆ ಅಂತ ಜಗಳ ಆಡ್ತಿದ್ರಲ್ಲ, ನೀವು ಹೊರಡೋ ಹಿಂದಿನ ಭಾನುವಾರ ಮಧ್ಯಾಹ್ನ ಊಟ ಮಾಡಿ ಇದೇ ಕೋಣೆಯಲ್ಲಿ ಚಾಪೆ ಮೇಲೆ ಬಿದ್ಕೊಂಡಾಗ ಸಾಕ್ಷಿಗೆ ಇರಲಿ ಅಂತ ಫೋನಲ್ಲಿ ಹಿಡಿದಿಟ್ಟಿದ್ದೆ. ಎದ್ದ ಕೂಡಲೇ ಕೇಳಿಸಿ ನಿಮ್ಮ ಬಾಯಿ ಮುಚ್ಚಿಸೋಣ ಅಂತಿದ್ದೆ. ಪೆಟ್ಟಿಗೆ ಕಟ್ಟೋ ಗಡಿಬಿಡಿಯಲ್ಲಿ ಮರೆತೇಹೋಯ್ತು. ನೀವು ಹೋದ ಮೇಲೆ ಒಂದಿನ ಕೆಲಸ ಮಾಡ್ತಾ ಸುಮ್ಮನೆ ಹಾಕಿದೆ. ಆಮೇಲೆ ದಿನಾ ಹಾಕ್ತಿದೀನಿ. ಮೇಣ ಕಾಯಿಸೋವಾಗ, ಹಲ್ಲು ಜೋಡಿಸೋವಾಗ, ಪಕ್ಕದ ಕೋಣೆಯಲ್ಲಿ ನೀವು ಮಲಗಿದೀರಿ ಅನ್ನೋ ಹಾಗೆ ಆಗುತ್ತೆ, ಕೆಲಸ ಸಾಗುತ್ತೆ. ನಗ್ಬೇಡಿ.

ತಕ್ಷಣ ನಿಲ್ಲಿಸೋಣ ಅಂತಲೇ ಹೋದೆ. ಅಷ್ಟರಲ್ಲಿ ಬೀದಿ ದೀಪದ ಬೆಳಕಲ್ಲಿ ಮ್ಯಾನೇಜರ ಮುಖ ಕಾಣಿಸ್ತು. ಗಲ್ಲ ಮೇಲೆತ್ತಿ, ಕಣ್ಣುಮುಚ್ಚಿ, ತೊಡೆ ಮೇಲೆ ಬೆರಳಲ್ಲಿ ತಾಳ ಹಾಕ್ತಿದಾರೆ! ನಿಮ್ಮ ಗೊರಕೆಗೆ ತಾಳ! ಡಾಕ್ಟ್ರು ಕತ್ತು ಓರೆ ಮಾಡಿ ಮುಗುಳ್ನಗ್ತಿದಾರೆ. ಹೌದಪ್ಪ ಇಬ್ಬರನ್ನೂ ನೋಡಿ, ಸ್ವಲ್ಪ ಇವರ ಹಾಗೆ ಗಲ್ಲ, ಸ್ವಲ್ಪ ಅವರ ಹಾಗೆ ಕತ್ತು ಮಾಡ್ಕೊಂಡು ಕೂತಿದಾರೆ. ನನಗೂ ಹಟ ಹುಟ್ಟಿತು, ಆಗ್ಲಿ ಕೇಳ್ಲಿ ಅಂತ ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ಸುಮಾರು ಹೊತ್ತು ಬಿಟ್ಟು, ಆಮೇಲೆ ನಿಲ್ಲಿಸಿ ದೀಪ ಹಾಕಿದೆ.

ಅಭಿಪ್ರಾಯಗಳನ್ನ ಕೇಳಿ, ನಿಮ್ಮ ಜನ್ಮ ಸಾರ್ಥಕ ಆಗುತ್ತೆ. ಮ್ಯಾನೇಜರು ಕಣ್ಣು ಒರೆಸಿಕೊಂಡು, ಮಂದ್ರದಲ್ಲಿ ಇಷ್ಟು ಹೊತ್ತು ನಿಲ್ಲೋ ಎದೆಗಾರಿಕೆ ಇವತ್ತಿನವರಿಗೆ ಎಲ್ಲಿಂದ ಬರ್ಬೇಕು, ಇದು ಹಳೇ ತಲೆಮಾರಿನ ಸಾಧನೆ, ಅಂದ್ರು. ಟಕ್ ಅಂತ ಸೆಟ್ಟು ಬಿತ್ತು. ಡಾಕ್ಟ್ರು, ಇದು ಗುಡ್ಡಗಾಡಿನ ಕುರಿ ಕಾಯೋರ ಗಂಟಲಗಾಯನ, ನನ್ನ ಹತ್ರ ಆಗಲೇ ಇದೆ, ಆದ್ರೆ ನನ್ನದು ಇನ್ನೂ ಹಳೇ ರೆಕಾರ್ಡಿಂಗು, ಇದರಲ್ಲಿ ಆ ಹಸಿತನ ಸ್ವಲ್ಪ ಕಮ್ಮಿ ಅಂದ್ರು. ಅಯ್ಯೋ ನನ್ನ ಕರ್ಮವೇ, ನಿಮ್ಮದಕ್ಕಿಂತ ಹಸಿಯಾದ ಗೊರಕೆ ಆತನ ಹತ್ರ ಇದೆಯಂತೆ! ಹೌದಪ್ಪ ಮಾತ್ರ ಒಂದು ಗಳಿಗೆ ತಬ್ಬಿಬ್ಬಾಗಿ, ಆ ನಡುವಿನ ಮೌನವೇ ನಿಜವಾದ ಸಂಗೀತ ಅಂತ ಸ್ವಂತದ ಹಾಗೆ ಒಂದು ಮಾತು ಅಂದ್ರು, ಅದು ಹೋದ ವಾರ ಮ್ಯಾನೇಜರು ಬೇರೆ ಯಾವುದಕ್ಕೋ ಹೇಳಿದ್ದು.

ನಿಮ್ಮ ಅಕ್ಕನೂ ಬಂದಿದ್ರು, ಚಹಾಕ್ಕೆ ನೆರವಾಗೋಕೆ. ಅವರು ಎದ್ದು ಅಡುಗೆಮನೆಗೆ ಹೋದ್ರು. ಹಿಂದೆ ಹೋಗಿ ನೋಡಿದ್ರೆ ಒಲೆ ಕಟ್ಟೆ ಹಿಡ್ಕೊಂಡು ನಗ್ತಿದಾರೆ. 'ನಮ್ಮಪ್ಪನದು ಥೇಟ್ ಹಿಂಗೇ ಇತ್ತು ಕಣೇ' ಅಂದ್ರು. ಇಬ್ಬರೂ ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡ್ವಿ. ಆಮೇಲೆ ಅವರು ನಗು ನಿಲ್ಲಿಸಿ, ದಿನಾ ಕೇಳ್ತೀಯೇನೇ ಅಂದ್ರು. ನಾನು ಲೋಟ ತೊಳೆಯೋಕೆ ತಿರುಗಿಕೊಂಡೆ. ಅವರು ಬೆನ್ನು ಸವರಿದ್ರು.

ಹೊರಗೆ ಬಂದ್ರೆ ಎಲ್ಲರೂ ಹೆಸರಿಗೆ ಕಾಯ್ತಿದಾರೆ. ಹೇಳಿಬಿಟ್ಟೆ. ಯಾವ ಗಾಯಕನೂ ಅಲ್ಲ, ನಮ್ಮ ಮನೆಯವರು ಊಟ ಮಾಡಿ ಮಲಗಿದ್ದು ಅಂದೆ. ಹೌದಪ್ಪನ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ನಾಚಿಕೆಪಟ್ಟು ಎದ್ದು ಹೋಗ್ತಾರೆ ಅಂದ್ಕೊಂಡೆ, ಎಲ್ಲಿಯ ನಾಚಿಕೆ? ಮ್ಯಾನೇಜರು, ಇರಬಹುದು, ಆದ್ರೂ ಒಂದು ಸಂಸ್ಕಾರ ಇದೆ, ಅವರು ಕೇಳಿದ ಸಂಗೀತವೆಲ್ಲ ನಿದ್ದೆಯಲ್ಲಿ ಹೊರಗೆ ಬರ್ತಿದೆ ಅಂದ್ರು! ಡಾಕ್ಟ್ರು ಫೋನ್ ಮುಂದೆ ಹಿಡಿದು, ನನಗೊಂದು ಪ್ರತಿ ಕಳಿಸಿ, ನನ್ನ ಸಂಗ್ರಹದಲ್ಲಿರಲಿ ಅಂದ್ರು. ಆಗ ನೋಡಿ, ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ನಗು ಪೂರ್ತಿ ಇಳಿದುಹೋಯ್ತು. ನಿಮ್ಮ ದಿಮ್ಮಿ ಕುಟ್ಟೋದರ ಪಕ್ಕದಲ್ಲಿ ಇಡೋಕೆ ಇದು ಸಿಗೋದಿಲ್ಲ, ಇದು ನನ್ನದು, ಇತ್ತೀಚೆಗೆ ನಾನು ಕೇಳ್ತಿರೋದು ಇದು ಅಂದೆ. ಅಷ್ಟು ಜೋರಾಗಿ ನಾನು ಮಾತಾಡಿದ್ದು ಆ ಕೋಣೆ ಎಂದೂ ಕೇಳಿಲ್ಲ. ಎಲ್ಲರೂ ಚಪ್ಪಲಿ ಹುಡುಕಿಕೊಂಡು ಹೊರಟ್ರು. ಮುಂದಿನ ಶನಿವಾರದಿಂದ ಡಾಕ್ಟ್ರ ಮನೆಯಲ್ಲಿ ಸೇರ್ತಾರಂತೆ. ಸೇರ್ಲಿ, ಅವರ ಹೆಂಡತಿಗೂ ಗೊತ್ತಾಗ್ಲಿ.

ನನ್ನ ಮೇಲೆ ಸಿಟ್ಟು ಬಂದ್ರೆ ಬರ್ಲಿ. ಬೆಲ್ಟು ಕಟ್ಟಿಕೊಳ್ಳಿ, ಮಾತ್ರೆ ನುಂಗಿ, ಹೊರಗಡೆ ಕರಿದದ್ದು ಜಾಸ್ತಿ ತಿನ್ನಬೇಡಿ. ಅಕ್ಕ ನಿಮ್ಮನ್ನ ತುಂಬ ನೆನೆಸಿಕೊಂಡ್ರು. ನಿಮ್ಮ ಜೊತೆ ಕೆಲಸ ಮಾಡೋ ಆ ವೆಲ್ಡರಣ್ಣನಿಗೂ ಕೇಳಿದೆ ಅಂತ ಹೇಳಿ. ನಿಮ್ಮ ಸಾರಂಗಿ ಇನ್ನೂ ಕೇಳಿಲ್ಲ, ಕೇಳೋ ಮನಸ್ಸಿಲ್ಲ, ಕ್ಷಮಿಸಿ.

ಇತಿ,
ನಿಮ್ಮ ಮೇಲೆ ಅರ್ಧ ಸಿಟ್ಟು, ಅರ್ಧ ಪ್ರೀತಿ ಇರೋ
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸೋಕೆ ಹೋದವಳು ಮತ್ತೆ ತೆಗೆದೆ. ನಿನ್ನೆ ಅವರಿಗೆ ಆ ಗೊರಕೆಯನ್ನ ಪೂರ್ತಿ ಕೇಳಿಸಲಿಲ್ಲ, ಕೊನೆ ಬರೋ ಮೊದಲೇ ನಿಲ್ಲಿಸಿದ್ದೆ. ಕೊನೆಯಲ್ಲಿ ನೀವು ಅರೆನಿದ್ದೆಯಲ್ಲಿ ಹೊರಳಿ, 'ಏ, ಎಲ್ಲಿದೀಯೇ?' ಅಂತೀರಿ. ಅಷ್ಟೇ, ಅಲ್ಲಿಗೆ ಮುಗಿಯುತ್ತೆ. ಕೇಳಿದಾಗಲೆಲ್ಲ ನಾನು 'ಇಲ್ಲೇ ಇದೀನಿ' ಅಂತ ಗಟ್ಟಿಯಾಗಿ ಹೇಳ್ತೀನಿ. ಮೊನ್ನೆ ಸೆಟ್ಟು ಸರಿಮಾಡಿಸೋಕೆ ಬಂದಿದ್ದ ಅಜ್ಜಿಯೊಬ್ಬರು, ಯಾರಿಗಮ್ಮಾ ಹೇಳ್ತಿದೀಯ ಅಂದ್ರು. ಹೇಳೋಕೆ ಯಾರೂ ಇರಲಿಲ್ಲ. ಸಹಿ ಹಾಕ್ಬೇಡಿ. ನನಗೆ ಇಷ್ಟ ಇಲ್ಲ. ಬಂದುಬಿಡಿ.