ಬಿಲ್ಲಿನ ಸಣ್ಣ ಅಂಕಿ

ಹಂದಿಗೋಣ, ಕುಮಟಾ
14-5-2025, ಬುಧವಾರ

ಗಾಯತ್ರಿಯ ಅಪ್ಪನಿಗೆ ರೂಪಾಳ ನಮಸ್ಕಾರ.

ಸೊಂಟನೋವು ಹೇಗಿದೆ? ಹೋದ ಸಲ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಬಾಟಲಿಯನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀರೋ? ಮಸ್ಕತ್ತಿನಲ್ಲಿ ಈಗ ನಲವತ್ತೆರಡು ಡಿಗ್ರಿ ಎಂದು ಗಾಯತ್ರಿ ಮೊಬೈಲಿನಲ್ಲಿ ನೋಡಿ ಹೇಳಿದಳು. ಆ ಬಿಸಿಲಿನಲ್ಲಿ ಊರಿಗೆಲ್ಲ ನೀರಿನ ಟ್ಯಾಂಕರ್ ಓಡಿಸುವವರು ತಾವು ನೀರು ಕುಡಿಯಲು ಮರೆಯಬೇಡಿ. ಇಲ್ಲಿ ನಾವು ಮೂವರೂ ಮೈಯಲ್ಲಿ ಚೆನ್ನಾಗಿದ್ದೇವೆ. ಮಾಬ್ಲ ಮಾವನಿಗೆ ಕಣ್ಣಿನ ಆಪರೇಶನ್ ಆದಮೇಲೆ ಬೇಡದ್ದೆಲ್ಲ ಕಾಣತೊಡಗಿದೆ. ನಾನು ಹೆದ್ದಾರಿ ಬದಿಯಲ್ಲಿ ಈರುಳ್ಳಿ ಮಾರುವಾಗ ಯಾವ ಕಾರಿನವರು ಎಷ್ಟು ಚೌಕಾಸಿ ಮಾಡಿದರು ಎಂದು ಜಗಲಿಯಲ್ಲಿ ಕೂತೇ ಹೇಳುತ್ತಾರೆ. ದಿನಾ ಬೆಳಗ್ಗೆ ಗಂಜಿ ಕುಡಿಯುವಾಗ 'ನನ್ನ ಮಗ ಕೃಷ್ಣ ಯಾವಾಗ ಬತ್ತ?' ಎಂದು ಕೇಳುವುದನ್ನು ಮಾತ್ರ ಬಿಟ್ಟಿಲ್ಲ. ಗಾಯತ್ರಿ ಒಂಬತ್ತನೆಯದು ಪಾಸಾದಳು, ಗಣಿತದಲ್ಲಿ ತೊಂಬತ್ತೊಂದು. ಅದು ಅವ್ವನಿಂದ ಬಂದ ಬುದ್ಧಿಯಲ್ಲ ಎಂಬುದು ಈ ಪತ್ರ ಮುಗಿಯುವುದರೊಳಗೆ ನಿಮಗೇ ತಿಳಿಯುತ್ತದೆ.

ಫೋನ್ ಇರುವಾಗ ಪತ್ರವೇಕೆ ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ಹೇಳಲು ನಾಲ್ಕು ಸಲ ನೋಡಿದೆ. ನಿಮ್ಮ ಕೋಣೆಯಲ್ಲಿ ಆರು ಜನ, ನೀವು ಸ್ಪೀಕರ್ ಹಾಕಿಯೇ ಮಾತಾಡುವವರು. ಮೇಲಿಂದ ನಾನು ಅರ್ಧ ಹೇಳುವಾಗಲೇ 'ಆತು ಆತು, ಮುಂದೆ ಹೇಳು' ಎನ್ನುತ್ತೀರಿ. ಇದು ಅರ್ಧ ಕೇಳಿ ಬಿಡುವ ಸುದ್ದಿಯಲ್ಲ. ಧಾರೇಶ್ವರದ ಹುಡುಗ ಸಂದೇಶ ರಜೆ ಮುಗಿಸಿ ನಾಳೆ ಮಸ್ಕತ್ತಿಗೆ ಹೊರಡುತ್ತಾನೆ. ನಿಮ್ಮ ಪಕ್ಕದ ಮಂಚದವನೇ ಆದ್ದರಿಂದ ಪತ್ರ ನೇರ ನಿಮ್ಮ ಕೈಗೇ ಬರುತ್ತದೆ ಎಂದು ಬರೆಯಲು ಕೂತಿದ್ದೇನೆ. ಮಧ್ಯಾಹ್ನ ಬಂದು ಒಯ್ಯುತ್ತೇನೆ ಎಂದಿದ್ದಾನೆ.

ಕಂಪನಿಯವರು ಇನ್ನೂ ಮೂರು ವರ್ಷಕ್ಕೆ ಸಹಿ ಕೇಳಿದ್ದಾರೆ, ಈ ತಿಂಗಳ ಕೊನೆಯೊಳಗೆ ಹೌದೋ ಅಲ್ಲವೋ ಹೇಳಬೇಕು ಎಂದು ನೀವು ತಿಳಿಸಿದ ದಿನ ನಾನು ಎಂತ ಹೇಳಿದೆ, ನೆನಪಿದೆಯಲ್ಲ? 'ಸಹಿ ಹಾಕಬೇಡಿ, ಸಾಲ ಎರಡೂ ಮುಗೀತಾ ಬಂತು, ಅವಧಿಗೆ ಮೊದ್ಲೇ ಕಟ್ಟಿ ಕೈ ತೊಳ್ಕೊಳ್ತೆ, ಚೌತಿಗೆ ನೀವು ಮನೇಲಿರ್ತೀರಿ' ಎಂದೆ. ನೀವು 'ನೀ ಗಟ್ಟಿಗಿತ್ತಿ ಮಾರಾಯ್ತಿ' ಎಂದಿರಿ. ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಯ್ಯೋ, ಆ ಮಾತನ್ನು ಈಗ ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಶುಕ್ರವಾರದಿಂದ ನಾನೇ ನನಗೆ ಇದನ್ನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೇನೆ. ಭಟ್ಕಳದಲ್ಲಿ ಆ ಹಳೆಯ ಟೆಂಪೋ ಕೊಳ್ಳಲು ಬ್ಯಾಂಕಿನಿಂದ ಮೂರು ಲಕ್ಷ ಪರ್ಸನಲ್ ಲೋನ್, ನಾಲ್ಕು ವರ್ಷದ ಕಂತು. ಅದರ ಜೊತೆಗೇ ಟೈ ಕಟ್ಟಿದ ಏಜೆಂಟ 'ಫ್ರೀ ಅಕ್ಕಾ ಫ್ರೀ' ಎಂದು ನಗುತ್ತಾ ಕೊಟ್ಟುಹೋದ ಕ್ರೆಡಿಟ್ ಕಾರ್ಡು. ಎರಡೇ ತಿಂಗಳಿಗೆ ಟೆಂಪೋ ಹೊನ್ನಾವರದ ಸೇತುವೆಯ ಮೇಲೆ ಹೊಗೆ ಉಗುಳಿ ನಿಂತಿತು. ಗ್ಯಾರೇಜಿನಲ್ಲಿ ಕಾರ್ಡು ಉಜ್ಜಿ ಎಂಬತ್ತನಾಲ್ಕು ಸಾವಿರ ಕೊಟ್ಟಿರಿ. ಆದರೂ ಅದು ಓಡಲಿಲ್ಲ. ಟೆಂಪೋ ಗುಜರಿಗೆ ಹೋಯಿತು, ಮುಂದಿನ ತಿಂಗಳೇ ನೀವು ಮಸ್ಕತ್ತಿಗೆ ಹೋದಿರಿ. ಹೋಗುವಾಗ 'ಲೋನಿನ ಕಂತು ನನ್ನ ಸಂಬಳದಿಂದ ಹೋಗ್ತದೆ, ಕಾರ್ಡಿಂದು ನೀ ನೋಡ್ಕೋ' ಎಂದಿರಿ. ನಾನು ನೋಡಿಕೊಂಡೆ. ಮಳೆಗಾಲದಲ್ಲಿ ಹರಿವೆ, ಬೆಂಡೆ, ಬೇಸಿಗೆಯಲ್ಲಿ ಈರುಳ್ಳಿ ಮಾರಿದ ದುಡ್ಡಿನಲ್ಲಿ ಒಂದು ತಿಂಗಳೂ ತಪ್ಪದೆ, ಒಂದು ದಿನವೂ ತಡಮಾಡದೆ ಕಟ್ಟಿದೆ.

ಕಟ್ಟಿದ್ದು ಹೇಗೆ ಎನ್ನುವುದೇ ಕಥೆ. ನಮ್ಮ ಮಹಿಳಾ ಸಂಘದ ಸಾಲದ ಚೀಟಿ ನೀವು ನೋಡಿದ್ದೀರಿ. ಅದರಲ್ಲಿ ಎರಡು ಅಂಕಿ. ಮೇಲೆ ದೊಡ್ಡದು, ಎತ್ತಿದ ಸಾಲ. ಅದು ಕೊನೆಯ ವಾರದವರೆಗೂ ಹಾಗೇ ಅಚ್ಚಾಗಿ ಬರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಕೆಳಗೆ ಸಣ್ಣದು, ಈ ವಾರದ ಕಂತು. ಅದನ್ನು ಕಟ್ಟಿದರೆ ಆತು, ಬಡ್ಡಿಯೂ ಅದರೊಳಗೇ. ಕಾರ್ಡಿನ ಮೊದಲ ಬಿಲ್ಲು ಬಂದಾಗ ಗಾಯತ್ರಿ ಏಳನೇ ಕ್ಲಾಸು. ಇಂಗ್ಲಿಷನ್ನು ಬೆರಳಿಟ್ಟು ಓದಿ, 'ಟೋಟಲ್ ಡ್ಯೂ ಎಂಬತ್ನಾಕು ಸಾವ್ರ, ಮಿನಿಮಮ್ ಡ್ಯೂ ನಾಕು ಸಾವ್ರದ ಇನ್ನೂರು' ಎಂದಳು. ದೊಡ್ಡದು ಎತ್ತಿದ ಸಾಲ, ಸಣ್ಣದು ಕಂತು, ಇದರಲ್ಲಿ ಕೇಳುವುದೇನಿದೆ ಎಂದುಕೊಂಡೆ. ತಿಂಗಳು ತಿಂಗಳು ಆ ಸಣ್ಣ ಅಂಕಿ ಇಳಿಯುತ್ತಾ ಬಂತು: ನಾಲ್ಕು ಸಾವಿರ, ಮೂರೂವರೆ, ಮೊನ್ನೆ ಮೂರು ಸಾವಿರದ ನೂರು. ಕಂತು ಇಳಿಯುತ್ತಿದೆ ಎಂದರೆ ಸಾಲ ಮುಗಿಯುತ್ತಿದೆ ಎಂದಲ್ಲವೇ ಅರ್ಥ? ಸಂಘದ ಮುಖ್ಯಸ್ಥೆ ಹೊನ್ನಮ್ಮಕ್ಕ ಕೂಡ 'ಹೌದೇ, ಇನ್ನು ಬಾಲ ಮಾತ್ರ ಉಳ್ದದೆ' ಎಂದಳು. ನಾವು ಇಬ್ಬರು ಜಾಣೆಯರು ಕೂತು ಮಾಡಿದ ಲೆಕ್ಕ ಇದು.

ಈ ಸಲ ಸಿಹಿ ಈರುಳ್ಳಿಗೆ ಒಳ್ಳೆ ರೇಟು ಬಂತು. ಗೋವಾದಿಂದ ಬಂದವರು ಕಾರು ನಿಲ್ಲಿಸಿ ಗೊಂಚಲು ಗೊಂಚಲೇ ಒಯ್ದರು. ಆ ದುಡ್ಡು, ಸಂಘದ ಉಳಿತಾಯ ಎಲ್ಲ ಸೇರಿ ನನ್ನ ಹತ್ತಿರ ಎಪ್ಪತ್ತು ಸಾವಿರ. ಮಾರ್ಚ್ ತಿಂಗಳಲ್ಲಿ ನೀವು ಓವರ್‌ಟೈಮ್ ದುಡ್ಡು ಎಂದು ಬೇರೆಯಾಗಿ ಕಳಿಸಿದ್ದು ನಲವತ್ತು. ಒಟ್ಟು ಒಂದು ಲಕ್ಷದ ಹತ್ತು ಸಾವಿರವನ್ನು ಬಟ್ಟೆಯ ಚೀಲಕ್ಕೆ ಹಾಕಿ, ಮೇಲೆ ಎರಡು ಕಟ್ಟು ಹರಿವೆ ಸೊಪ್ಪು ಇಟ್ಟು, ಶುಕ್ರವಾರ ಹೊನ್ನಮ್ಮಕ್ಕನ ಜೊತೆ ಕುಮಟೆಯ ಬ್ಯಾಂಕಿಗೆ ಹೋದೆ. ಲೋನಿನಲ್ಲಿ ಇನ್ನೂ ಒಂದು ವರ್ಷದ ಕಂತು ಬಾಕಿ, ಮುಂದಿನ ಬಡ್ಡಿ ಬಿಟ್ಟರೆ ಅಸಲು ತೊಂಬತ್ತೊಂದು ಸಾವಿರ. ಅದನ್ನು ಒಂದೇ ಸಲ ಕಟ್ಟುವುದು, ಕಾರ್ಡಿನ ಬಾಲ ಐದಾರು ಸಾವಿರ ಇದ್ದರೆ ಅದನ್ನೂ ಕೊಯ್ದು ಒಗೆಯುವುದು, ಬರುವಾಗ ಮಾವನಿಗೆ ಜಿಲೇಬಿ ತರುವುದು ಎಂದು ಲೆಕ್ಕ.

ಕೌಂಟರಿನಲ್ಲಿ ಜಯಶ್ರೀ ಎಂಬ ಹುಡುಗಿ. ಒಳ್ಳೆಯವಳು, ಅದನ್ನು ಮೊದಲೇ ಹೇಳುತ್ತೇನೆ. ಲೋನು ಅವಧಿಗೆ ಮೊದಲು ಮುಗಿಸಬೇಕು ಎಂದೆ. ಅವಳು ಒತ್ತಿ ನೋಡಿ, 'ಅಕ್ಕಾ, ಮೊದ್ಲೇ ಕಟ್ಟೂದಕ್ಕೆ ನಾಕು ಸಾವ್ರದ ಮುನ್ನೂರು ಚಾರ್ಜ್ ಬೀಳ್ತದೆ' ಎಂದಳು. ನನಗೆ ಅರ್ಥವೇ ಆಗಲಿಲ್ಲ. ತಡ ಮಾಡಿದವರಿಗೆ ದಂಡ ಹಾಕುವುದು ಕೇಳಿದ್ದೇನೆ, ಬೇಗ ಕಟ್ಟಿದವರಿಗೂ ದಂಡವೇ? ನಮ್ಮ ಸಂಘದಲ್ಲಿ ಯಾರಾದರೂ ಬೇಗ ತೀರಿಸಿದರೆ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಯುತ್ತೇವೆ. ಹೊನ್ನಮ್ಮಕ್ಕನ ಬಾಯಿ ನಿಮಗೆ ಗೊತ್ತಲ್ಲ, 'ಎಂತದೇ ಇದು, ಹಸಿವಿಲ್ಲ ಅಂದವ್ರ ಬಾಯಿಗೂ ತುತ್ತು ತುರುಕ್ತೀರಾ?' ಎಂದು ಇಡೀ ಬ್ಯಾಂಕು ತಿರುಗಿ ನೋಡುವ ಹಾಗೆ ಕೇಳಿದಳು. ಕರಾರಿನಲ್ಲಿ ನಿಮ್ಮ ಸಹಿ ಇದೆ, ಮೂರನೇ ಪುಟದಲ್ಲಿ ಬರೆದಿದೆ ಎಂದು ಜಯಶ್ರೀ ತೋರಿಸಿದಳು. ನಾನು ಹಲ್ಲು ಕಚ್ಚಿಕೊಂಡೆ. ಆತು, ಹೋಗಲಿ, ಕಾರ್ಡಿನ ಬಾಲ ಎಷ್ಟಿದೆ ನೋಡು ಎಂದೆ.

'ಅರವತ್ತೆರಡು ಸಾವ್ರದ ನಾನೂರು' ಎಂದಳು.

ಬೇರೆಯವರ ಖಾತೆ ತೆಗೆದಿರಬೇಕು ಎಂದು ನಾನು ನಕ್ಕೆ. ನಿಜವಾಗಿಯೂ ನಕ್ಕೆ. ಅವಳು ಪರದೆ ತಿರುಗಿಸಿ ನಿಮ್ಮ ಹೆಸರು ತೋರಿಸಿದಳು. ನನ್ನ ಕೈಯಲ್ಲಿದ್ದ ಚೀಲ ಜಾರಿ ಹರಿವೆ ಸೊಪ್ಪು ನೆಲಕ್ಕೆ ಬಿತ್ತು. ಅವಳು ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: ಆ ಸಣ್ಣ ಅಂಕಿ ಕಂತಲ್ಲವಂತೆ. ತಡವಾದದ್ದಕ್ಕೆ ದಂಡ ಬೀಳದಿರಲು ಕಟ್ಟಬೇಕಾದ ಕಡಿಮೆ ಮೊತ್ತವಂತೆ. ಉಳಿದದ್ದಕ್ಕೆಲ್ಲ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ, ಅದರ ಮೇಲೆ ತೆರಿಗೆ. ನಾನು ನಾಲ್ಕು ಸಾವಿರ ಕಟ್ಟಿದ ತಿಂಗಳು ಸಾಲ ಇಳಿದದ್ದು ಏಳುನೂರು ರೂಪಾಯಿ. ಇಷ್ಟು ವರ್ಷ ಎಷ್ಟು ಕಟ್ಟಿದ್ದೇನೆ, ಕೂಡಿಸಿ ಹೇಳು ಎಂದೆ. ಕೂಡಿಸಿದಳು. ಒಂದು ಲಕ್ಷದ ಇಪ್ಪತ್ತನಾಲ್ಕು ಸಾವಿರ! ಎಂಬತ್ತನಾಲ್ಕು ಸಾವಿರದ ಸಾಲಕ್ಕೆ ಅಷ್ಟು ಕೊಟ್ಟೂ ಇನ್ನೂ ಅರವತ್ತೆರಡು ಸಾವಿರ ಬಾಕಿ. ಕೊಟ್ಟವ ಕೋಡಂಗಿ ಎನ್ನುತ್ತಾರಲ್ಲ, ಮೂರು ವರ್ಷ ಕೊಟ್ಟು ಕೊಟ್ಟು ಕೋಡಂಗಿಯಾದವಳು ನಾನು. ನನಗೆ ಅಳುವೂ ಬರಲಿಲ್ಲ. ಬ್ಯಾಂಕಿನ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹೊನ್ನಮ್ಮಕ್ಕ ನನ್ನ ಬೆನ್ನು ಸವರುತ್ತಾ ಪಕ್ಕದಲ್ಲಿ ಕೂತಿದ್ದಳು.

ಆಮೇಲೆ ಜಯಶ್ರೀಯೇ ಊಟದ ಬಿಡುವಿನಲ್ಲಿ ಹೊರಗೆ ಬಂದಳು. 'ಅಕ್ಕಾ, ಲೋನು ಅದರ ಪಾಡಿಗೆ ವರ್ಷದಲ್ಲಿ ಮುಗೀತದೆ. ಕಾರ್ಡಿನ ಬಡ್ಡಿ ಅದಕ್ಕಿಂತ ಮೂರು ಪಟ್ಟು. ಇದ್ದ ದುಡ್ಡಲ್ಲಿ ಮೊದ್ಲು ಇದನ್ನ ಕೊಲ್ಲಿ' ಎಂದಳು. ಕೊಂದೆ. ಅರವತ್ತೆರಡು ಸಾವಿರದ ನಾನೂರನ್ನೂ ಎಣಿಸಿ ಕೊಟ್ಟು, ಮುಚ್ಚಿದ್ದಕ್ಕೆ ಕಾಗದ ತೆಗೆದುಕೊಂಡು, ಅವಳದೇ ಕತ್ತರಿಯಲ್ಲಿ ಕಾರ್ಡನ್ನು ಆರು ತುಂಡು ಮಾಡಿದೆ. ಉಳಿದ ನಲವತ್ತೇಳು ಸಾವಿರದ ಆರುನೂರು ಮನೆಯಲ್ಲಿದೆ. ಲೋನು ಹಾಗೇ ಇದೆ. ಜಿಲೇಬಿ ತರಲಿಲ್ಲ.

ನನ್ನದು ತಪ್ಪಾಯಿತು. ನಿಮ್ಮ ಎದುರು ಗಟ್ಟಿಗಿತ್ತಿ ಎಂದು ಮೆರೆದೆನಲ್ಲ, ಅದಕ್ಕೆ ಇನ್ನೊಮ್ಮೆ ತಪ್ಪಾಯಿತು. ಸಂಘದ ಹೆಂಗಸರ ಮುಂದೆಲ್ಲ 'ಕಾರ್ಡು ಕಟ್ಟೂದು ಹೀಗೆ' ಎಂದು ಪಾಠ ಬೇರೆ ಮಾಡಿದ್ದೇನೆ. ಮೊನ್ನೆಯಿಂದ ಮನೆಮನೆಗೆ ಹೋಗಿ ಆ ಪಾಠವನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಆದರೂ ನಾನು ಹೇಳುವುದು ಒಂದೇ: ಸಹಿ ಹಾಕಬೇಡಿ. ಲೋನಿನ ಕಂತು ತಿಂಗಳಿಗೆ ಎಂಟು ಸಾವಿರದ ಇನ್ನೂರು, ಹನ್ನೆರಡು ತಿಂಗಳು. ಕೈಯಲ್ಲಿರುವುದರಲ್ಲಿ ಐದಾರು ತಿಂಗಳು ಸಾಗುತ್ತದೆ. ನೀವು ಬಂದು ಕುಮಟೆಯಲ್ಲಿ ಯಾರದ್ದೋ ಗಾಡಿ ಓಡಿಸಿದರೂ ಉಳಿದದ್ದು ತೀರುತ್ತದೆ. ಇನ್ನೂ ಮೂರು ವರ್ಷ ಕಳೆದರೆ ಮಗಳು ಕಾಲೇಜಿಗೆ ಹೋಗಿರುತ್ತಾಳೆ, ಮಾವ ಇರುತ್ತಾರೋ ಇಲ್ಲವೋ. ನನಗೆ ನೀವು ಬೇಕು. ಎದುರಿಗೆ ಹೇಳಲು ನಾಚಿಕೆಯಾಗುತ್ತದೆ, ಆದ್ದರಿಂದ ಬರೆದಿದ್ದೇನೆ.

ಸಂದೇಶನ ಕೈಯಲ್ಲಿ ಮಿಡಿ ಉಪ್ಪಿನಕಾಯಿ, ಎರಡು ಗೊಂಚಲು ಈರುಳ್ಳಿ ಕಳಿಸಿದ್ದೇನೆ. ಕೋಣೆಯವರಿಗೂ ಕೊಡಿ, ಆದರೆ ಎಲ್ಲ ಕೊಟ್ಟುಬಿಡಬೇಡಿ. ಮಾವನ ಆಶೀರ್ವಾದ ನಿಮ್ಮ ಮೇಲಿದೆ. ಗಾಯತ್ರಿ ಅಪ್ಪನಿಗೆ ನಮಸ್ಕಾರ ಹೇಳಿದ್ದಾಳೆ. ದಾರಿ ಕಾಯುತ್ತಿರುವ

ನಿಮ್ಮ
ರೂಪಾ

ತಾ.ಕ.: ಸಂದೇಶ ಬಂದು ಜಗಲಿಯಲ್ಲಿ ಕೂತಿದ್ದಾನೆ, ರಿಕ್ಷಾ ನಿಲ್ಲಿಸಿಕೊಂಡಿದ್ದಾನೆ, ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಹೇಗಿದೆಯೋ ಹಾಗೆ ಓದಿಕೊಳ್ಳಿ. ಮೊನ್ನೆಯಿಂದ ಕಂಡವರಿಗೆಲ್ಲ ಹೇಳುವ ಹಾಗೆ ಅವನಿಗೂ 'ನಿನ್ನ ಹತ್ರ ಕಾರ್ಡ್ ಗೀರ್ಡ್ ಇದ್ರೆ ಮೊದ್ಲು ತೀರ್ಸಿ ಕತ್ತರ್ಸು' ಎಂದೆ. ಅವನು 'ನನ್ನ ಹತ್ರ ಇಲ್ಲ ಅತ್ಗೆ, ಕೃಷ್ಣಣ್ಣನ ಹತ್ರ ಅದೆ' ಎಂದ! ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ನಾನು ಬಿಡಲಿಲ್ಲ. ನೀವು ಅಲ್ಲಿಯ ಬ್ಯಾಂಕಿನ ಕಾರ್ಡು ತೆಗೆದು ಒಂದು ವರ್ಷವಾಯಿತಂತೆ. ಮಾರ್ಚಿನಲ್ಲಿ ಕಳಿಸಿದ್ದು ಓವರ್‌ಟೈಮ್ ದುಡ್ಡಲ್ಲವಂತೆ, ಕಾರ್ಡಿನಿಂದ ತೆಗೆದದ್ದಂತೆ. ಅಂದರೆ ಇಲ್ಲಿಯ ಕಾರ್ಡಿನ ಸಾಲವನ್ನು ಅಲ್ಲಿಯ ಕಾರ್ಡಿನ ಸಾಲದಿಂದ ತೀರಿಸಿ ಬಂದೆನೇ ನಾನು? ಆ ಬಾಕಿ ತೀರದೆ ದೇಶ ಬಿಟ್ಟು ಹೊರಡಲು ಬಿಡುವುದಿಲ್ಲ ಎಂದೂ ಅಲ್ಲಿಯವರು ಹೇಳುತ್ತಾರಂತೆ. ಹಾಗಾದರೆ ನೀವು ಸಹಿ ಹಾಕದಿದ್ದರೂ ಬರುವುದು ಹೇಗೆ? ಮೇಲೆ ಎರಡು ಸಲ ತಪ್ಪಾಯಿತು ಎಂದು ಬರೆದೆನಲ್ಲ, ಅದರಲ್ಲಿ ಒಂದನ್ನು ವಾಪಸು ತೆಗೆದುಕೊಂಡೆ. ಈಗಲೇ ಫೋನ್ ಮಾಡಿದರೆ ಬಾಯಿಗೆ ಬಂದದ್ದು ಬೈಯುತ್ತೇನೆ, ಸಂದೇಶ ಅಲ್ಲಿಗೆ ಮುಟ್ಟುವುದರೊಳಗೆ ಸಿಟ್ಟು ಇಳಿದಿರುತ್ತದೆ. ಆದರೆ ನೀವು ತಿಂಗಳು ತಿಂಗಳು ಎಷ್ಟು ಕಟ್ಟುತ್ತೀರಿ ಎಂದು ಅವನನ್ನು ಕೇಳಿದಾಗ ಅವನು ಹೇಳಿದ್ದನ್ನು ಕೇಳಿ ನನ್ನ ಜೀವವೇ ಹಾರಿಹೋಯಿತು. 'ಬಿಲ್ಲಲ್ಲಿ ಸಣ್ಣ ಅಂಕಿ ಇರ್ತದಲ್ಲ, ಅಷ್ಟೇ ಕಟ್ತಾರೆ ಅತ್ಗೆ. ಊರಲ್ಲಿ ನಮ್ಮ ರೂಪಾ ಹೀಗೇ ಕಟ್ತಾಳೆ, ಅವ್ಳ ಲೆಕ್ಕ ತಪ್ಪೂದಿಲ್ಲ ಅಂತಾರೆ.' ಪತ್ರ ಓದಿದ ಕೂಡಲೇ ಕೋಣೆಯಿಂದ ಹೊರಗೆ ಬಂದು ಫೋನ್ ಮಾಡಿ. ದೊಡ್ಡ ಅಂಕಿ ಎಷ್ಟು ಎಂದು ಹೇಳಿ. ನಲವತ್ತೇಳು ಸಾವಿರದ ಆರುನೂರನ್ನು ನಾನು ಮುಟ್ಟುವುದಿಲ್ಲ, ಸಾಲದಿದ್ದರೆ ಸಂಘದಿಂದ ಎತ್ತುತ್ತೇನೆ. ನೀವು ಮಾತ್ರ ನನ್ನ ಲೆಕ್ಕವನ್ನು ಇನ್ನೊಂದು ತಿಂಗಳೂ ನಂಬಬೇಡಿ.